ಮೈಕ್ ಮಾವನ ಚರಂಡಿ ಪ್ರಶ್ನೆ

ನಮ್ಮ ಬಡಾವಣೆಯ ತಿಂಗಳ ಅಹವಾಲು ಸಭೆಗೆ ಹತ್ತು ವರ್ಷದಿಂದ ತಪ್ಪದೆ ಬರುವವನೆಂದರೆ ನಮ್ಮ ಬೀದಿಯ ದರ್ಜಿ, ಎಲ್ಲರ ಬಾಯಲ್ಲಿ ಮೈಕ್ ಮಾವ. ಅವನ ಪಕ್ಕದ ಕುರ್ಚಿ ಖಾಲಿ ಉಳಿಯಬಾರದೆಂದು ಸೋತ ಕಾಲೆಳೆದುಕೊಂಡು ನಾನೂ ಹೋಗುತ್ತೇನೆ. ಮಿಕ್ಕ ಮೂರು ನಾಲ್ಕು ಜನ ಫ್ಯಾನಿನ ಕೆಳಗೆ ತೂಕಡಿಸಲು ಬರುವವರು. "ಏನಾದರೂ ಕೇಳೋದಿದೆಯಾ?" ಎಂದು ಅಧಿಕಾರಿ ಬಾಯಿ ತೆರೆಯುವ ಮೊದಲೇ ಎದ್ದು ನಿಲ್ಲುವ ಮಾವನ ಮಂಡಿ ಲಟಕ್ಕೆನ್ನುತ್ತದೆ. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಮೈಕು, ಬಾಯಲ್ಲಿ ಅದೇ ಹಳೇ ರಾಗ: "ನಮ್ಮ ಬೀದಿ ಚರಂಡಿಗೆ ಮುಚ್ಚಳ ಯಾವಾಗ ಹಾಕ್ತೀರಿ ಸ್ವಾಮಿ?" ಟೇಪು ಬಿಚ್ಚಿ ಗುಂಡಿಯ ಅಗಲವನ್ನು ಗಾಳಿಯಲ್ಲೇ ಅಳೆದು ತೋರಿಸುತ್ತಾನೆ, ಆ ಗುಂಡಿ ವರ್ಷಕ್ಕೊಂದು ಗೇಣು ಬೆಳೆಯುತ್ತದೆ. ಅಧಿಕಾರಿ ಆಕಳಿಸುತ್ತ ಬರೆದುಕೊಳ್ಳುತ್ತಾರೆ. ಬರೆದದ್ದನ್ನು ಓದಿ ಯಾರಾದರೂ ಬೀದಿಗೆ ಬಂದು ನೋಡಿದ್ದರೆ, ಮುಚ್ಚಳ ಹಾಕಿ ಎರಡು ವರ್ಷವಾದದ್ದು ಅವರಿಗೂ ತಿಳಿಯುತ್ತಿತ್ತು. "ಹಾಕಿದ ಮುಚ್ಚಳಕ್ಕೆ ಇನ್ನೂ ಅರಚ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದೆ ಒಮ್ಮೆ, ರೋಸಿಹೋಗಿ. "ಸತತ ಮೂರು ಸಭೇಲಿ ಯಾರೂ ಏನೂ ಕೇಳದಿದ್ರೆ ಸಭೆನೇ ನಿಲ್ಲಿಸ್ತಾರಂತೆ ಕಣಣ್ಣ. ನಾಳೆ ಯಾರಿಗಾದ್ರೂ ನಿಜವಾಗ್ಲೂ ಕಷ್ಟ ಬಂದ್ರೆ ಎಲ್ಲಿ ಹೋಗಿ ಕೇಳ್ತಾರೆ?" ಎಂದ. ಹೋದ ತಿಂಗಳು ಅವನು ಮೈಕು ಹಿಡಿದು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ಹಾಲು ಮಾರುವ ಹೆಂಗಸು ಅರ್ಧ ಕೈ ಎತ್ತಿ ಮತ್ತೆ ಇಳಿಸಿದಳು. ಮಾವ ನೆಟ್ಟಗೆ ಅವಳ ಬಳಿ ಹೋಗಿ ಮೈಕು ಕೊಟ್ಟು, "ಕೇಳಮ್ಮ, ಇದು ನಿಂದೇ," ಎಂದ. "ನಲ್ಲೀಲಿ ನೀರು ಬಂದು ಹನ್ನೆರಡು ದಿನ ಆಯ್ತು," ಎಂದು ಅವಳು ಶುರುಮಾಡಿದಳು. ಮಾವ ನನ್ನ ಪಕ್ಕ ಬಂದು ಕೂತು, ಕೊರಳಿನ ಟೇಪು ತೆಗೆದು, ಸುತ್ತಿ, ಜೇಬಿಗೆ ಹಾಕಿಕೊಂಡ.