ಎಷ್ಟು ಸಲ ಬಿದ್ದಳು ಎಂದು ಕೇಳಿದವರು

ಅವರ ಎಡ ಮುಂಗೈ ಮೇಲೆ ಹುಣಸೆಬೀಜದಷ್ಟು ದೊಡ್ಡ ಸುಟ್ಟ ಕಲೆಯೊಂದಿತ್ತು. ಅದು ನಾನು ಮಾಡಿದ್ದು. ರಾಗಿ ಇಟ್ಟು ತಿರುವುತ್ತಿದ್ದಾಗ ನನ್ನ ಬಲಗೈ ಇದ್ದಕ್ಕಿದ್ದಂತೆ ಸೋತುಹೋಗಿ, ಕೋಲಿನ ತುದಿಯಲ್ಲಿದ್ದ ಬಿಸಿ ಮುದ್ದೆ ಹಾರಿ ಅವರ ಕೈಮೇಲೆ ಕೂತಿತು. ಕಿರುಚಬೇಕಾದವರು ಅವರು, ಕಿರುಚಿದ್ದು ನಾನು. ಅವರು ಕೈಯನ್ನು ಕೊಡದ ನೀರಿಗೆ ಅದ್ದಿ, "ಪರವಾಗಿಲ್ಲ ಕಣ್ಣು, ಇಟ್ಟು ಚೆನ್ನಾಗಿ ಬೆಂದದೆ ಅಂತ ಗೊತ್ತಾಯ್ತು" ಅಂದರು. ತಮಿಳು ಮನೆಮಾತಿನವರು. ಮುದ್ದು ಬಂದಾಗಲೂ ಸಿಟ್ಟು ಬಂದಾಗಲೂ ನನ್ನನ್ನು ಕಣ್ಣು ಅನ್ನುತ್ತಿದ್ದರು.

ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಚಾಂಪಿಯನ್ ರೀಫ್ಸಿನಲ್ಲಿ, ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಗಂಡಂದಿರ ಕೈಯಲ್ಲಿ ತಲೆಗೆ ಪೆಟ್ಟು ತಿಂದ ಹೆಂಗಸರಿಗೆ ಉಡುವುದು, ಬೇಯಿಸುವುದು, ಬಸ್ಸು ಹತ್ತುವುದು, ಎಲ್ಲವನ್ನೂ ಮತ್ತೆ ಮೊದಲಿಂದ ಕಲಿಸುವುದು ಅವರ ಕೆಲಸ. ಆಕ್ಯುಪೇಶನಲ್ ಥೆರಪಿ ಅಂತ ಅದಕ್ಕೊಂದು ದೊಡ್ಡ ಹೆಸರಿದೆ. ನಮ್ಮಮ್ಮನ ಬಾಯಿಗೆ ಅದು ದಕ್ಕಲಿಲ್ಲ, "ಕೈಕೆಲ್ಸದ ಮೇಡಮ್ಮು" ಅಂದುಬಿಟ್ಟಳು. ವಾರಕ್ಕೆರಡು ಸಲ ಕೆಜಿಎಫ್‌ನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಆಟೋ ಹಿಡಿದು ನಮ್ಮಮ್ಮನ ಊರಿಗೆ ಬರುತ್ತಿದ್ದರು. ಬೀದಿ ತಿರುವಿನಲ್ಲೇ "ನಾನು ಬರ್ತಾ ಇದೀನಪ್ಪಾ" ಅಂತ ಕೂಗುತ್ತಿದ್ದರು. ಯಾರಾದರೂ ಹಿಂದಿನಿಂದ ಬಂದರೆ ನಾನು ಗೋಡೆಗೆ ಒತ್ತಿಕೊಂಡು ನಡುಗುತ್ತೇನೆಂದು ಅವರಿಗೆ ಮೊದಲ ದಿನವೇ ತಿಳಿದಿತ್ತು.

ಆ ಮೊದಲ ದಿನದ ಮಾತು ಹೇಳಬೇಕು. ನಾನು ಬಚ್ಚಲಲ್ಲಿ ಜಾರಿಬಿದ್ದೆ ಅಂತ ನನ್ನ ಅತ್ತೆ ಆಸ್ಪತ್ರೆಯಲ್ಲಿ ಹೇಳಿದ್ದಳು. ಚೀಟಿಯಲ್ಲೂ ಹಾಗೇ ಬರೆದಿತ್ತು. ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು, ನಾನೂ ಹಾಗೇ ಅನ್ನುತ್ತಿದ್ದೆ. ಯಾಕೆಂದರೆ ಆ ಸಂಜೆ ನನ್ನ ಹತ್ತಿರ ಇಲ್ಲ. ಗಾರ್ಮೆಂಟ್ಸಿನ ಬಸ್ಸು ಇಳಿದದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಫ್ಯಾನು. ನಡುವೆ ಏನೂ ಇಲ್ಲ. ಅಕ್ಕ ನನ್ನನ್ನು ಕೇಳಿಯೇ ಕೂದಲು ಸರಿಸಿ ನೋಡಿದರು. ನೆತ್ತಿಯ ಹಿಂದೆ ಒಂದು ಗಾಯ, ಎಡಗಿವಿಯ ಮೇಲೆ ಒಂದು, ಹಣೆಯಂಚಿನಲ್ಲಿ ಇನ್ನೊಂದು. ಆಮೇಲೆ ಮೆಲ್ಲಗೆ ಅಮ್ಮನನ್ನು ಕೇಳಿದರು:

"ಅಮ್ಮಾ, ಬಚ್ಚಲಲ್ಲಿ ಎಷ್ಟು ಸಲ ಬಿದ್ಲು?"

"ಒಂದೇ ಸಲ ಅಂದ್ರಮ್ಮ," ಅಂದ ಅಮ್ಮ ಅಲ್ಲೇ ಕುಸಿದು ಕೂತಳು. ಅವಳು ಅಳುವುದನ್ನು ನಾನು ನೋಡಿದ್ದು ಆವತ್ತೇ. "ನಂಗೊತ್ತಿತ್ತು ಕಣಮ್ಮ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಮಗೀನ ಅವ್ರು ಇಟ್ಕೊಂಡವ್ರೆ."

ಮಗು ಅಂದರೆ ನನ್ನ ಮಗಳು. ಆಗ ಅವಳಿಗೆ ನಾಲ್ಕು ವರ್ಷ. "ಹುಚ್ಚಿ ಕೈಗೆ ಮಗೂನ ಕೊಡಾಕಾತದಾ?" ಅಂತ ಅತ್ತೆ ಊರೆಲ್ಲ ಸಾರಿದ್ದಳು. ಒಲೆ ಹಚ್ಚಿ ಮರೆಯುವವಳು, ಅಂಗಡಿಗೆ ಹೋಗಿ ದಾರಿ ತಪ್ಪುವವಳು ಹುಚ್ಚಿಯಲ್ಲದೆ ಇನ್ನೇನು? ನನಗೆ ಗಾಳಿ ಮೆಟ್ಟಿದೆ ಅಂತ ಅಮ್ಮ ತಾಯಿತ ಕಟ್ಟಿಸಿದ್ದಳು. ಅಕ್ಕ ಅದನ್ನು ಬಿಚ್ಚಿಸಲಿಲ್ಲ. "ಇರ್ಲಿ ಬಿಡಿ ಅಮ್ಮ, ಅದರ ಕೆಲಸ ಅದು ಮಾಡ್ಲಿ. ನಮ್ಮ ಕೆಲಸ ನಾವು ಮಾಡೋಣ" ಅಂದರು.

ನಮ್ಮ ಕೆಲಸ ಅಂದರೆ ಇಟ್ಟು. "ಮಗಳಿಗೆ ಏನು ಮಾಡಿಕೊಡೋಕೆ ಆಸೆ?" ಅಂತ ಕೇಳಿದ್ದರು, ನಾನು ಇಟ್ಟು ಅಂದೆ. ಅಯ್ಯೋ, ಅವರಿಗೋ ಇಟ್ಟು ಮಾಡುವುದೇ ಗೊತ್ತಿಲ್ಲ! ಅನ್ನ ತಿನ್ನುವ ಪೇಟೆಯವರು. ಅವರು ತಿರುವಿದ ಮೊದಲ ಇಟ್ಟಿನ ತುಂಬ ಹಿಟ್ಟಿನ ಗಂಟು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು, ನಾನೂ ನಕ್ಕೆ. ಪೆಟ್ಟಾದ ಮೇಲೆ ಮೊದಲ ಸಲ ನಕ್ಕಿದ್ದು ಅನಿಸುತ್ತದೆ. ಕಲಿಸಲು ಬಂದವರಿಗೆ ನಾನೇ ಕಲಿಸಿದೆ, ಹೇಳಿಕೊಡುತ್ತಾ ನನಗೂ ಒಂದೊಂದಾಗಿ ನೆನಪಾಯಿತು. ಬಂಗಾರಪೇಟೆಯ ಬಡಗಿಯಿಂದ ಪಾತ್ರೆ ಅಲುಗದಂತೆ ಹಿಡಿಯುವ ಮರದ ಚೌಕಟ್ಟು ಮಾಡಿಸಿ ತಂದರು. ಒಂದೇ ಕೈಯಲ್ಲಿ ತಿರುವಲು ಕಲಿತೆ.

ಒಲೆ ಮರೆಯುವುದಕ್ಕೆ ಅವರು ಕಂಡುಕೊಂಡ ಉಪಾಯ ಒಂದು ಕೆಂಪು ಬಳೆ. ಒಲೆಯ ಪಕ್ಕದ ಮೊಳೆಗೆ ನೇತುಹಾಕಿದರು. ಹಚ್ಚಿದ ಕೂಡಲೇ ಬಳೆ ಕೈಗೆ, ಆರಿಸಿದ ಕೂಡಲೇ ಬಳೆ ಮೊಳೆಗೆ. ನೂರು ಸಲ ಮಾಡಿಸಿದರು. "ನಿನ್ನ ತಲೆಗೆ ನೆನಪಿರದಿದ್ರೆ ಬೇಡ ಕಣ್ಣು, ನಿನ್ನ ಕೈಗೆ ನೆನಪಿರಲಿ" ಅನ್ನುವರು.

ಅವರೂ ಒಂದು ತಪ್ಪು ಮಾಡಿದರು. ನನಗೆ ಅಂಗವಿಕಲರ ಪಿಂಚಣಿ ಸಿಗಲೆಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು: ಒಲೆ ಹಚ್ಚಿ ಮರೆಯುತ್ತಾಳೆ, ಒಬ್ಬಳೇ ಹೊರಗೆ ಹೋಗಲಾರಳು, ಮಗುವನ್ನು ಒಬ್ಬಳೇ ನೋಡಿಕೊಳ್ಳಲಾರಳು. ಪಿಂಚಣಿ ಬಂತು. ಆ ಕಾಗದ ಹೇಗೋ ನನ್ನ ಗಂಡನಾಗಿದ್ದವನ ವಕೀಲರ ಕೈಗೂ ಹೋಯಿತು. ಮಗಳಿಗಾಗಿ ನಾನು ಹಾಕಿದ್ದ ಕೇಸಿನಲ್ಲಿ ಆ ವಕೀಲರು ಅದನ್ನೇ ಗಟ್ಟಿಯಾಗಿ ಓದಿದರು. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದರು, ಮುಖ ಬಿಳಿಚಿಹೋಯಿತು. ಹೊರಗೆ ಬಂದು, "ನನ್ನ ಕೈಯಾರೆ ನಿನ್ನ ಮಗೂನ ಅವರಿಗೆ ಬರೆದುಕೊಟ್ಟೆ" ಅಂದರು. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ವಾರ ಅವರ ಜೊತೆ ಮಾತಾಡಲಿಲ್ಲ.

ಆ ವಾರವೂ ಅವರು ಬಂದರು. ಮಾತಾಡದ ನನ್ನ ಎದುರು ಕೂತು ತಮ್ಮ ತಾಯಿಯ ಕತೆ ಹೇಳಿದರು. ಅಪ್ಪ ಗಣಿಯಿಂದ ಕುಡಿದು ಬಂದು ಆಕೆಯ ತಲೆಯನ್ನು ಬಾಗಿಲಿಗೆ ಬಡಿಯುತ್ತಿದ್ದನಂತೆ. ಬರಬರುತ್ತಾ ಆಕೆ ಒಲೆ ಮುಂದೆ ನಿಂತು ಮಾಡುತ್ತಿದ್ದುದನ್ನೇ ಮರೆಯುತ್ತಿದ್ದಳು. ಲೈನಿನ ಹುಡುಗರು ಲೂಸು ಅನ್ನುತ್ತಿದ್ದರು. "ನಾನೂ ನಗ್ತಿದ್ದೆ ಕಣ್ಣು. ಎಂಟು ವರ್ಷದವಳು, ನಗ್ತಿದ್ದೆ." ಒಂದು ಬೆಳಗ್ಗೆ ನೀರಿಗೆ ಹೋದ ತಾಯಿಗೆ ಮನೆಯ ದಾರಿ ಸಿಗಲಿಲ್ಲ. ಎರಡು ದಿನ ಬಿಟ್ಟು, ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಆಚೆ ಹೆಣ ಸಿಕ್ಕಿತು. "ಲೂಸು ಅಂತ ಎಲ್ಲರೂ ಅಂದ್ರು. ತಲೆಗೆ ಏನಾಯ್ತು ಅಂತ ಒಬ್ಬರೂ ಕೇಳಲಿಲ್ಲ. ಈಗಲೂ ಆ ದಿಬ್ಬದ ಕಡೆ ಯಾರಾದ್ರೂ ಹೆಂಗಸು ಒಬ್ಬಳೇ ನಡೆದು ಹೋಗ್ತಿದ್ರೆ ಓಡಿಹೋಗಿ ಮುಖ ನೋಡ್ತೀನಿ." ನನಗೆ ಏಳದೆ ಇರಲಾಗಲಿಲ್ಲ. ಹೋಗಿ ನೀರು ಕಾಯಲು ಇಟ್ಟೆ, ಬಳೆ ಹಾಕಿಕೊಂಡೆ.

ಕಾಗದ ಅಡುಗೆ ಮಾಡುವುದಿಲ್ಲ, ಬಂದು ಕಣ್ಣಲ್ಲಿ ನೋಡಿ ಅಂತ ಅಕ್ಕ ಕೋರ್ಟಿಗೆ ಬರೆದುಕೊಂಡರು. ಕೊನೆಗೊಮ್ಮೆ ಅಲ್ಲಿಂದ ಒಬ್ಬ ಅಧಿಕಾರಿ ಹೆಂಗಸು ಬಂದರು. ನಾನು ಒಲೆ ಹಚ್ಚಿದೆ, ಬಳೆ ಹಾಕಿದೆ, ಎಸರಿಗೆ ಹಿಟ್ಟು ಸುರಿದೆ. ಅಷ್ಟರಲ್ಲಿ ಆಕೆ, "ಆವತ್ತು ಸಂಜೆ ಏನಾಯ್ತಮ್ಮ?" ಅಂದರು. ಕೆಟ್ಟವರಲ್ಲ, ಕೇಳುವುದು ಅವರ ಕೆಲಸ. ನನ್ನ ತಲೆ ಖಾಲಿಯಾಯಿತು. ಎದ್ದು ಸೀದಾ ಅಂಗಳಕ್ಕೆ ನಡೆದೆ. ಅಮ್ಮ ಕೂಗಲು ಬಾಯಿ ತೆರೆದಳಂತೆ, ಅಕ್ಕ ಅವಳ ಬಾಯಿ ಮುಚ್ಚಿ ಹಿಡಿದುಕೊಂಡರಂತೆ. ಒಳಗೆ ಒಲೆ ಉರಿಯುತ್ತಿದೆ, ಹೊರಗೆ ನಾನು ಯಾಕೆ ನಿಂತಿದ್ದೇನೆಂದು ತಿಳಿಯದೆ ನಿಂತಿದ್ದೇನೆ. ಸೊಳ್ಳೆ ಓಡಿಸಲು ಕೈ ಎತ್ತಿದೆ, ಬಳೆ ಕಂಡಿತು. ಓಡಿದೆ. ತಳ ಒಂದಿಷ್ಟು ಸೀದಿತ್ತು, ಅಷ್ಟೇ. ಉರಿ ತಗ್ಗಿಸಿ, ಇಟ್ಟು ತಿರುವಿ, ಒಲೆ ಆರಿಸಿ, ಬಳೆಯನ್ನು ಮೊಳೆಗೆ ಹಾಕಿದೆ. ಅಧಿಕಾರಿ ಆ ಇಟ್ಟನ್ನೇ ಉಂಡು, "ಮರೆಯೋದು ನಾನೂ ಮರೀತೀನಿ. ನೀವು ವಾಪಸ್ ಬಂದ್ರಲ್ಲ" ಅಂದರು. ಮೊದಲು ಭಾನುವಾರ ಮಾತ್ರ, ಆಮೇಲೆ ಪೂರ್ತಿಯಾಗಿ, ನನ್ನ ಮಗಳು ಮನೆಗೆ ಬಂದಳು.

ಅಕ್ಕ ಹೋದ ವರ್ಷ ತೀರಿಕೊಂಡರು. ಹೃದಯ ನಿಂತುಹೋಯಿತಂತೆ, ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ಬಂದಾಗ ಅಮ್ಮ ಕೂಲಿಗೆ ಹೋಗಿದ್ದಳು. ಮಗಳ ಕೈ ಹಿಡಿದು ನಾನೇ ರೈಲು ಹತ್ತಿದೆ. ಚಾಂಪಿಯನ್ ರೀಫ್ಸಿನಲ್ಲಿ ಎತ್ತ ನೋಡಿದರೂ ಒಂದೇ ತರಹದ ಮನೆಗಳು. ಟೀ ಅಂಗಡಿಯವರು "ಯಾರ ಮನೆ ಮಾ?" ಅಂದರು. ಬಾಯಿ ತೆರೆದೆ. ಅವರ ಹೆಸರು ಬರಲಿಲ್ಲ. ಎರಡು ವರ್ಷ ನನ್ನ ಒಲೆ ಮುಂದೆ ಕೂತವರ ಹೆಸರು, ಎಷ್ಟು ತಡಕಿದರೂ ಇಲ್ಲ. ನಡುಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಈಗಲೂ ಯಾರೋ ಆ ಹೆಸರು ಹೇಳುತ್ತಾರೆ, ಸಂಜೆಗೆ ಮರೆತುಹೋಗಿರುತ್ತದೆ.

ಮಗಳು ನನ್ನ ಕೈ ಬಿಟ್ಟು ಮುಂದೆ ಹೋದಳು. "ಅಂಕಲ್, ನಮ್ಮಮ್ಮನ್ನ ನಂಗೆ ವಾಪಸ್ ಕೊಡ್ಸಿದ್ರಲ್ಲ, ಆ ಮೇಡಮ್ ಮನೆ."

ಆತ ಗ್ಲಾಸು ಕೆಳಗಿಟ್ಟರು. "ಅವ್ರಾ! ಮೂರ್ನೇ ಲೈನು ನೋಡು ಪಾಪು. ಎಂಗಸ್ರು ಸಾಲಾಗಿ ನಿಂತವ್ರೆ, ಅದೇ ಮನೆ."

ಬಾಗಿಲಿಂದ ಬೀದಿ ಕೊನೆಯವರೆಗೆ ನಿಂತಿದ್ದರು. ಒಬ್ಬಾಕೆಯ ಬಾಯಿ ಸೊಟ್ಟಗಾಗಿತ್ತು, ಒಬ್ಬಾಕೆ ಕೋಲು ಊರಿಕೊಂಡಿದ್ದಳು, ಒಬ್ಬಾಕೆಯನ್ನು ಅವಳ ಮಗ ತೋಳು ಹಿಡಿದು ನಿಲ್ಲಿಸಿಕೊಂಡಿದ್ದ. ಯಾರೂ ಯಾರ ಹೆಸರನ್ನೂ ಕೇಳಲಿಲ್ಲ. ನಾನೂ ಮಗಳೂ ಹೋಗಿ ಸಾಲಿನ ಕೊನೆಯಲ್ಲಿ ನಿಂತೆವು.