ಜಸುಬೆನ್ನಳ ಮೂರಡಿ ಜಗಲಿ

ಅಹಮದಾಬಾದಿನ ಹಳೇ ಊರಿನ ನಮ್ಮ ಓಣಿಯಲ್ಲಿ ಜಸುಬೆನ್ನಳನ್ನು ಕಂಡರೆ ಯಾರಿಗೂ ಆಗುವುದಿಲ್ಲ, ನನಗಂತೂ ಮೊದಲೇ ಆಗುವುದಿಲ್ಲ. ಓಣಿಯ ಬಾಯಲ್ಲೇ ನನ್ನ ಎಣ್ಣೆ ಅಂಗಡಿ, ಮೇಲೆ ಮನೆ. ಅವಳು ಡಬ್ಬಿಯನ್ನು ಮೂಸಿ, ಮುಖ ಸಿಂಡರಿಸಿ, ಆಮೇಲೆ ಒಯ್ಯುತ್ತಾಳೆ. ಚೆನ್ನಾಗಿದೆ ಎಂದು ಇವತ್ತಿನವರೆಗೆ ಅಂದವಳಲ್ಲ. ಗಂಡ ಸತ್ತ ಮೇಲೆ ಖಾಖರಾ ಎಂಬ ತೆಳು ಗರಿಗರಿ ರೊಟ್ಟಿ ಸುಟ್ಟು ಮಾರಿ ಬದುಕಿದವಳು. ಸುಡುವುದು, ಮಾರುವುದು, ಹೋಗಿ ಬರುವವರನ್ನು ಬೈಯುವುದು, ಎಲ್ಲವೂ ಮನೆ ಮುಂದಿನ ಜಗಲಿಯ ಮೇಲೆಯೇ.

ಎದುರಿನ ಎರಡು ಮನೆಯವರು ನದಿಯಾಚೆ ಫ್ಲ್ಯಾಟಿಗೆ ಹೋದಾಗ ಬಟ್ಟೆ ವ್ಯಾಪಾರಿ ನವನೀತ ಅವನ್ನು ಕೊಂಡು ಗೋದಾಮು ಮಾಡಿದ. ಅವನ ಟೆಂಪೊಗೆ ಜಗಲಿ ಅಡ್ಡ; ಬಟ್ಟೆ ಗಂಟುಗಳನ್ನು ಓಣಿಯ ಬಾಯಿಂದ ಹಮಾಲರೇ ಹೊತ್ತು ತರಬೇಕು.

"ಜಸುಬೆನ್, ಇದನ್ನ ಒಡೆದ್ರೆ ಓಣಿ ಅಗಲ ಆಗತ್ತೆ."

"ನಿನ್ನ ಹೊಟ್ಟೆ ಕರಗಿಸು, ಇನ್ನೂ ಅಗಲ ಆಗತ್ತೆ."

ನವನೀತ ಓಣಿಯ ಪಂಚರನ್ನು ಸೇರಿಸಿದ. ಓಣಿಯಲ್ಲಿನ ಬೇರೆ ಗೋದಾಮುಗಳ ಒಡೆಯರೂ ನದಿ ದಾಟಿ ಬಂದು ಕೂತರು. ತಲೆ ಎಣಿಸಿದರೆ ಅವರೇ ಹೆಚ್ಚು. ಜಸುಬೆನ್ ಎದ್ದಳು.

"ಇಲ್ಲಿ ಸಭೇಲಿ ಒಲೆಗೊಂದು ಕೈ ಎತ್ತೋದು ಕಟ್ಟಳೆ. ಇವರಲ್ಲಿ ಯಾರ ಮನೇಲಿ ಒಲೆ ಉರೀತಿದೆ?"

ಪಂಚರ ಹಿರಿಯ ಹೌದೆಂದು ತಲೆಯಾಡಿಸಿದ.

"ನಮ್ಮ ಗೋದಾಮಲ್ಲೂ ಚಹಾ ಕಾಯಿಸ್ತೀವಿ!" ಎಂದ ನವನೀತ.

"ಬೀಗ ಹಾಕಿದ ಮನೇಲಿ ಇರೋದು ಇಲಿ. ಅದನ್ನೇ ಕರ್ಕೊಂಡು ಬಾ, ಕೈ ಎತ್ತಿಸೋಣ."

ನಾನೂ ಅವಳ ಪರ ಕೈ ಎತ್ತಿದೆ. ಪ್ರೀತಿಯಿಂದಲ್ಲ, ಬಟ್ಟೆ ಗಂಟುಗಳು ಎಣ್ಣೆ ಕೊಳ್ಳುವುದಿಲ್ಲ.

ಜಗಲಿ ಉಳಿಯಿತು. ಆದರೆ ನವನೀತ ಸುಮ್ಮನಿರುವ ಆಸಾಮಿಯಲ್ಲ. ಗೋದಾಮುಗಳ ಮಾಳಿಗೆ ಖಾಲಿ ಮಾಡಿಸಿ ತನ್ನ ಹಮಾಲರ ಸಂಸಾರಗಳನ್ನು ತಂದಿಟ್ಟ. ಮುಂದಿನ ಸಭೆಗೆ ತನಗೂ ಒಲೆಗಳಾದವು ಎಂಬುದು ಅವನ ಎಣಿಕೆ. ಮಾಳಿಗೆಯಲ್ಲಿ ಗಾಳಿಯಿಲ್ಲ. ಸಂಜೆಯಾದರೆ ಆ ಹೆಂಗಸರು ತೊಗರಿಕಾಯಿ ಬಿಡಿಸಲು ಕೆಳಗಿಳಿದು ಜಗಲಿಗೆ ಬರತೊಡಗಿದರು.

"ಏಯ್, ಇದೇನು ಧರ್ಮಛತ್ರನಾ?"

"ಸ್ವಲ್ಪ ಸರೀರಿ ಮಾಸಿ, ಆಮೇಲೆ ಬೈಯೋರಂತೆ."

ಬೈಯುತ್ತಲೇ ಸರಿದಳು. ನನ್ನ ಎಣ್ಣೆಗೆ ಹೊಸ ಗಿರಾಕಿಗಳಾದರು. ಅವರಿಗೂ ಮೂಸುವುದನ್ನು ಕಲಿಸಿಕೊಟ್ಟಳು, ಪಾಪಿ.

ಮತ್ತೆ ಸಭೆ. ಜಗಲಿ ಒಡೆಯಬಾರದು ಎನ್ನುವವರು ಕೈ ಎತ್ತಿ ಎಂದಾಗ ಮೊದಲು ಎದ್ದದ್ದು ಹಮಾಲರ ಮನೆಯ ಕೈಗಳೇ.

ನವನೀತ ಕೆಂಡವಾದ. "ನನ್ನ ಮನೇಲಿದ್ದು ನನಗೇ ತಿರುಗಿಬೀಳ್ತೀರಾ? ಎಲ್ಲರನ್ನೂ ಕೆಲಸದಿಂದ ತೆಗೀತೀನಿ!"

"ತೆಗೀರಿ ಸೇಠ್," ಎಂದಳು ಒಬ್ಬ ಹಮಾಲನ ಹೆಂಡತಿ. "ಟೆಂಪೊ ಒಳಗೆ ಬಂದ್ರೆ ಹೆಂಗೂ ನಮ್ಮ ಕೆಲಸ ಹೋಗತ್ತೆ. ಬರದಿದ್ರೆ ಗಂಟು ಹೊರೋಕೆ ಯಾರನ್ನ ಕರೀತೀರಿ?"