ಮೂಲೆಯದ್ದು ಖಲಾಸ್

ನನ್ನ ಬಾಯಿಗೆ ಬೀಗ ಇಲ್ಲ. ಕುವೈತಿಗೆ ಬಂದ ಮೇಲೆ ಅದಕ್ಕೆ ಅರಬಿ ಬೇರೆ ಸೇರಿಕೊಂಡಿತು. ಊಟ ಆಯಿತಾ ಅಂದರೆ ಖಲಾಸ್, ಫೈಲ್ ಆಯಿತಾ ಅಂದರೆ ಖಲಾಸ್. ಆ ಒಂದು ಶಬ್ದ ಇಂಥ ಕೆಲಸ ಮಾಡೀತು ಅಂತ ಯಾರಿಗೆ ಗೊತ್ತಿತ್ತು ಮಾರಾಯ್ರೆ!

ಸಾಲ್ಮಿಯಾದ ಒಂದು ಗ್ಯಾಲರಿಯಲ್ಲಿ ಆಗ ನನಗೆ ಆಫೀಸ್ ಕೆಲಸ. ಕೊರಿಯಾದ ಒಬ್ಬ ಶಿಲ್ಪಿಯ ಪ್ರದರ್ಶನ ಬಂತು. ಅರುವತ್ತು ದಾಟಿದ ಗಿಡ್ಡ ಹೆಂಗಸು, ಕೈ ಮಾತ್ರ ನಮ್ಮೂರ ಗಾರೆಯವರ ಹಾಗೆ ಒರಟು. ಶಿಲ್ಪ ಅಂದರೆ ದೇವರ ವಿಗ್ರಹ ಅಂತಷ್ಟೇ ಗೊತ್ತಿದ್ದ ನಾನು ಅವರ ಪೆಟ್ಟಿಗೆ ಒಂದೊಂದು ತೆರೆದಾಗಲೂ ಬಾಯಿ ಬಿಟ್ಟು ನಿಂತೆ. ಒಂದರಲ್ಲಿ ಕರಿಕಲ್ಲಿನ ದಿಂಬು, ತಲೆಯಿಟ್ಟು ಎದ್ದ ತಗ್ಗು ಸಮೇತ. ಇನ್ನೊಂದರಲ್ಲಿ ಹಿತ್ತಾಳೆ ತಂತಿಯಲ್ಲಿ ಹೆಣೆದ ಅಂಗಿ, ಎಸಿ ಗಾಳಿಗೂ ಅಲುಗುತ್ತಿತ್ತು. ಮತ್ತೊಂದರಲ್ಲಿ ಸುಟ್ಟ ಮರದ ಬಾಗಿಲು, ಮುಟ್ಟಿದರೆ ಕೈಯೆಲ್ಲ ಮಸಿ.

"ಇದೆಲ್ಲ ನೀವೊಬ್ಬರೇ ಮಾಡಿದ್ದಾ?" ಅಂದೆ. ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸಿದರು: ಎಲ್ಲವೂ ತೀರಿಕೊಂಡ ಅಮ್ಮನ ಮನೆಯ ನೆನಪು. ಕೊನೆಯದು ಮೂಲೆಯಲ್ಲಿ, ಮುದ್ದೆಯಾದ ಕಾಗದದ ರಾಶಿ. ಸಾಮಾನು ಸುತ್ತಿ ಬಂದ ಕಾಗದವನ್ನೆಲ್ಲ ಅಮ್ಮ ಕೂಡಿಡುತ್ತಿದ್ದರಂತೆ. ಅಂಥದ್ದನ್ನೇ ಇವರು ಮರದ ನಾರು ಅರೆದು, ಒಂದೊಂದಾಗಿ ಕೈಯಲ್ಲೇ ಮಾಡಿದ್ದರು. ಪೆಟ್ಟಿಗೆಗೆ ತುಂಬಿ ಬಂದ ಕಾಗದಕ್ಕೂ ಅದಕ್ಕೂ ನೋಡಲಿಕ್ಕೆ ವ್ಯತ್ಯಾಸವೇ ಇಲ್ಲ.

ಸಂಜೆ ಆರಕ್ಕೆ ಉದ್ಘಾಟನೆ. ಮಧ್ಯಾಹ್ನ ಫೋನಿನಲ್ಲಿದ್ದಾಗ ಬಾಗಿಲಿನಿಂದ ಕಾಕ ಕೇಳಿದರು, "ಮಗಳೇ, ಮೂಲೆಯದ್ದು ಎಂತ ಮಾಡುವುದು?" ಉಳ್ಳಾಲದ ಬ್ಯಾರಿ ಅವರು, ಗ್ಯಾಲರಿಯ ಕ್ಲೀನಿಂಗ್ ಅವರದ್ದು, ನನ್ನ ಅಪ್ಪನ ಪ್ರಾಯ. ನಾನು ತಲೆ ಎತ್ತದೆ, "ಅದು ಖಲಾಸ್ ಕಾಕ!" ಅಂದೆ. ಜೋಡಿಸಿ ಆಗಿದೆ, ಮುಟ್ಟಬೇಡಿ ಅಂತ ನನ್ನ ಲೆಕ್ಕ. ಉಪಯೋಗ ಮುಗಿಯಿತು, ತೆಗೆದು ಬಿಸಾಡಿ ಅಂತ ಅವರ ಲೆಕ್ಕ.

ಊಟ ಮಾಡಿ ಬಂದು ನೋಡಿದರೆ ಮೂಲೆ ಫಳಫಳ ಹೊಳೆಯುತ್ತಿತ್ತು. ಕಾಗದದ ಒಂದು ಚೂರೂ ಇಲ್ಲ.

ಮ್ಯಾನೇಜರ್ ಕೂಗಾಡಿದ, "ಯಾರು ಮಾಡಿದ್ದು?" ಕಾಕ "ನಾನು" ಅಂದರು. ಅಷ್ಟೇ, ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. "ಇವನನ್ನು ಊರಿಗೆ ಕಳಿಸು, ಲೆಟರ್ ಟೈಪ್ ಮಾಡು" ಅಂತ ಅವನು ಹೇಳಿದ್ದು ನನಗೆ! ನನ್ನ ಇಕಾಮಾ, ಅಂದರೆ ಇಲ್ಲಿ ಉಳಿಯುವ ಪರವಾನಗಿ, ರಿನ್ಯೂ ಆಗುವ ಕಾಗದ ಅವನ ಮೇಜಿನ ಮೇಲೆ ಸಹಿಗೆ ಕಾದಿತ್ತು. ನನ್ನ ಮಗಳು ಇಲ್ಲೇ ಹತ್ತನೇ ಕ್ಲಾಸು, ಪರೀಕ್ಷೆ ಹತ್ತಿರ. ಇಕಾಮಾ ಇಲ್ಲದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕು. ನಾನು ಬಾಯಿ ಮುಚ್ಚಿಕೊಂಡು ಕೂತು ಕಾಕನ ಹೆಸರು ಟೈಪ್ ಮಾಡಿದೆ. ಥೂ, ನನ್ನ ಜನ್ಮಕ್ಕೆ!

ಪುಣ್ಯಕ್ಕೆ ಕಸದ ಲಾರಿ ಬಂದಿರಲಿಲ್ಲ. ಕಾಕ ಹಿತ್ತಿಲ ತೊಟ್ಟಿಗೆ ಇಳಿದು ಕಪ್ಪು ಚೀಲಗಳನ್ನು ತಂದರು. ಕೆಲವು ಕಾಗದ ಹರಿದಿದ್ದವು, ಕೆಲವಕ್ಕೆ ಚಹಾದ ಕಲೆ. ಶಿಲ್ಪಿ ಕೂಗಲಿಲ್ಲ. ನೆಲದ ಮೇಲೆ ಕೂತು ಒಂದೊಂದನ್ನೇ ಬಿಡಿಸತೊಡಗಿದರು, ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು. ಎದುರಿಗೆ ಕುಕ್ಕರಗಾಲಲ್ಲಿ ಕಾಕ, ಅವರು ಮಾಡಿದ ಹಾಗೆಯೇ ಬೆರಳಿನಲ್ಲಿ ಸವರುತ್ತಾ.

ನಾನು ಹತ್ತಿರ ಹೋದಾಗ ಕಾಕ ತಗ್ಗಿದ ದನಿಯಲ್ಲಿ ಹೇಳಿದರು, "ನೀನು ಖಲಾಸ್ ಅಂದೆ ಅಂತ ತೆಗೆದದ್ದು ಮಗಳೇ. ಇಲ್ಲದಿದ್ದರೆ ಮುಟ್ಟುತ್ತಿದ್ದೆನಾ?" ತುಳುವಿನಲ್ಲಿ ಹೇಳಿದರು. ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರಿಗೆ ಅರ್ಥವಾಗಬಾರದು ಅಂತ.

ನನಗೆ ತಡೆಯಲಿಲ್ಲ. ಅಲ್ಲೇ, ಶಿಲ್ಪಿಯ ಎದುರಿಗೇ, ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ: ತೆಗೆಯಲು ಹೇಳಿದ ಹಾಗೆ ಆದದ್ದು ನನ್ನ ಮಾತಿನಿಂದ, ಇವರದ್ದು ತಪ್ಪಿಲ್ಲ. ಅವನು ರೂಮಿಗೆ ಕರೆದ. ಕಾಕನ ಲೆಟರ್ ಹರಿದು ಬುಟ್ಟಿಗೆ ಹಾಕಿದ. ಆಮೇಲೆ ನನ್ನ ಇಕಾಮಾ ಕಾಗದವನ್ನು, ಸಹಿ ಹಾಕದೆ, ನನ್ನ ಕೈಗಿಟ್ಟ. "ಖಲಾಸ್" ಅಂದ.

ಹೊರಗೆ ಬಂದೆ. ಕಾಕ ಎದ್ದು ನಿಂತು ನನ್ನ ಮುಖವನ್ನೇ ನೋಡಿದರು.

"ಎಂತ ಹೇಳಿದ ಮಗಳೇ?"

"ಖಲಾಸ್ ಅಂದ."

"ಯಾವ ಖಲಾಸ್?"

"ನಿಮಗೆ ಅರ್ಥವಾದ ಖಲಾಸೇ, ಕಾಕ."